ಕುದುರೆಯ ಹಲ್ಲು, ಎಂಜಿನ್ನಿನ ಹೊಗೆ

ಅರಸೀಕೆರೆಯಲ್ಲಿ ಹಳೆಯ ಕಾರೊಂದು ಮಾರಾಟಕ್ಕಿದೆ ಎಂದು ತಿಳಿದು, ಮೆಕ್ಯಾನಿಕ್ ಗೆಳೆಯನನ್ನು ಕರೆದುಕೊಂಡು ಬೆಳಗಿನ ರೈಲು ಹತ್ತಿದ್ದೆ. ಟರ್ಬೊ ಪೆಟ್ರೋಲ್ ಎಂಜಿನ್, 180 ಅಶ್ವಶಕ್ತಿ. ಅದಕ್ಕೆಂದು ಆರು ವರ್ಷ ಹಣ ಕೂಡಿಸಿದ್ದೆ. ಗೆಳೆಯ ಕಾರಿನ ಹೊಳಪಿನ ಕಡೆ ನೋಡಲೇ ಇಲ್ಲ. ಬಾನೆಟ್ ಎತ್ತಿಸಿ ಎಂಜಿನ್ನಿನ ಹತ್ತಿರ ಅಂಗೈ ಹಿಡಿದ. ಬಿಸಿಯಾಗಿತ್ತು.

"ಬೆಳಿಗ್ಗೆಯೇ ಓಡಿಸಿಟ್ಟಿದ್ದಾರೆ. ಬಿಸಿ ಎಂಜಿನ್ ರೋಗ ಮುಚ್ಚಿಡುತ್ತೆ ಕಣೋ. ತಣ್ಣಗಾಗಲಿ, ಸಂಜೆ ಬರೋಣ" ಎಂದ. ಮಾಲೀಕರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಸಂಜೆಯವರೆಗೆ ಮಾಡುವುದೇನು? ಹಳೇಬೀಡಿನ ಬಸ್ಸು ಹಿಡಿದೆವು. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ತಳಕ್ಕೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆ ಸವಾರರು. ಗೆಳೆಯ ಆ ಸಾಲಿನ ಮುಂದೆ ನಿಂತು ಕೇಳಿದ: "ಇವರು ಕೊಳ್ಳೋ ಮೊದಲು ಏನೇನು ನೋಡ್ತಿದ್ರು?"

ಒಳ್ಳೆಯ ಪ್ರಶ್ನೆ. ಆನೆ ನಮ್ಮ ಕಾಡಿನದೇ. ಒಳ್ಳೆಯ ಯುದ್ಧಕುದುರೆ ಮಾತ್ರ ಅರಬ್, ಪಾರಸಿ ನಾಡುಗಳಿಂದ ಕಡಲು ದಾಟಿ ಬರಬೇಕಿತ್ತು. ನಾವು ಬೆಳಿಗ್ಗೆ ಬಿಟ್ಟುಬಂದ ಅರಸೀಕೆರೆಯ ಶಾಸನವೊಂದರಲ್ಲೇ ಚಟ್ಟಿಸೆಟ್ಟಿ ಎಂಬ ವರ್ತಕನ ಮಾತು ಬರುತ್ತದೆ. ಹಡಗುಗಳಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಮಾರುತ್ತಿದ್ದವನು ಅವನು.

ಕೊಳ್ಳುವವರಿಗೂ ಶಾಸ್ತ್ರವಿತ್ತು. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನ 'ಮಾನಸೋಲ್ಲಾಸ' ಕುದುರೆಯ ತಳಿ, ಬಣ್ಣ, ಸುಳಿಗಳನ್ನು ವಿವರಿಸುತ್ತದೆ. ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. ಸುಳಿ ನೋಡುವುದು ದನದ ಜಾತ್ರೆಗಳಲ್ಲಿ ಈಗಲೂ ಇದೆ. ಸುಳಿ ನಂಬಿಕೆಯ ಮಾತು, ಹಲ್ಲು ಹಾಗಲ್ಲ. ಕುದುರೆಗೆ ಐದನೆಯ ವರ್ಷದ ಹೊತ್ತಿಗೆ ಮುಂದಿನ ಹಾಲುಹಲ್ಲೆಲ್ಲ ಬಿದ್ದು ಶಾಶ್ವತ ಹಲ್ಲು ಬಂದಿರುತ್ತವೆ; ಆಮೇಲೆ ಸವೆತ ನೋಡಿ ವಯಸ್ಸು ಅಂದಾಜು ಮಾಡಬೇಕು. ದಾನ ಕೊಟ್ಟ ಎಮ್ಮೆಯ ಹಲ್ಲು ನೋಡಬಾರದು ಸರಿ, ದುಡ್ಡು ಕೊಟ್ಟದ್ದರ ಹಲ್ಲು ನೋಡಲೇಬೇಕಲ್ಲ! ಅದಕ್ಕೂ ಮೋಸವುಂಟು. ಇಂಗ್ಲೆಂಡಿನ ಕುದುರೆ ದಲ್ಲಾಳಿಗಳು ಮುದಿ ಕುದುರೆಯ ಹಲ್ಲು ಕೊರೆದು, ಸುಟ್ಟು, ಹರೆಯದ ಕಪ್ಪು ಗುರುತು ಮಾಡುತ್ತಿದ್ದರು. ಇಂದು ಕಾರಿನ ಕಿಲೋಮೀಟರ್ ಹಿಂದೆ ತಿರುಗಿಸುವುದೂ ಅದೇ ವಿದ್ಯೆ.

ನನ್ನನ್ನು ಹೆಚ್ಚು ಕಾಡಿದ್ದು ಮಾರ್ಕೊ ಪೋಲೊ ಹೇಳುವ ಸಂಗತಿ. 13ನೆಯ ಶತಮಾನದ ಕೊನೆಯಲ್ಲಿ ಹೊಯ್ಸಳರ ನೆರೆಯ ಪಾಂಡ್ಯ ನಾಡಿನಲ್ಲಿ ಒಬ್ಬೊಬ್ಬ ಅರಸ ವರ್ಷಕ್ಕೆ ಸುಮಾರು 2,000 ಕುದುರೆ ಕೊಳ್ಳುತ್ತಿದ್ದನಂತೆ, ವರ್ಷ ಕಳೆಯುವಾಗ 100 ಕೂಡ ಉಳಿಯುತ್ತಿರಲಿಲ್ಲವಂತೆ. ಸಾಕುವ ಬಗೆ ಅಲ್ಲಿ ಯಾರಿಗೂ ತಿಳಿಯದು. ತಿಳಿದ ಲಾಳಗಾರರು ಅಲ್ಲಿಗೆ ಹೋಗದಂತೆ ವರ್ತಕರೇ ತಡೆಯುತ್ತಿದ್ದರು. ಕುದುರೆ ಸತ್ತಷ್ಟೂ ವ್ಯಾಪಾರ. ಅಂದರೆ ಆ ವರ್ತಕರು ಕುದುರೆ ಮಾರಿ ಬದುಕಿದಷ್ಟೇ ಕೊಳ್ಳುವವನ ಅಜ್ಞಾನದ ಮೇಲೂ ಬದುಕಿದರು.

ಸಂಜೆ ಅರಸೀಕೆರೆಗೆ ಮರಳಿದಾಗ ಎಂಜಿನ್ ತಣ್ಣಗಾಗಿತ್ತು. ಆಯಿಲ್ ಮುಚ್ಚಳ ತೆಗೆದು ನೋಡಿದ: ಹಾಲಿನ ಬಣ್ಣದ ಕೆನೆಯಿಲ್ಲ, ನೀರು ಬೆರೆತಿಲ್ಲ. ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ನಿಂತ. ನೀಲಿ ಹೊಗೆ. ಎಣ್ಣೆ ಉರಿಯುತ್ತಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಕಂಪ್ರೆಷನ್ ಅಳೆದ. ಮೂರು ಸಿಲಿಂಡರ್ ಹೆಚ್ಚುಕಡಿಮೆ ಸಮ, ಒಂದು ಬಹಳ ಕೆಳಗೆ. ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಏರಿತು. "ಪಿಸ್ಟನ್ ರಿಂಗ್ ಸವೆದಿದೆ. ಎಂಜಿನ್ ಪೂರ್ತಿ ಬಿಚ್ಚಬೇಕು" ಎಂದ. ಮಾಲೀಕರು ತಲೆ ತಗ್ಗಿಸಿ ಟವೆಲ್‌ನಿಂದ ಬಾನೆಟ್ ಒರೆಸುತ್ತಿದ್ದರು. ಅವರೂ ಯಾರಿಂದಲೋ ಹೀಗೆಯೇ ಕೊಂಡಿರಬಹುದು.

ರಾತ್ರಿಯ ರೈಲಿನಲ್ಲಿ ಗೆಳೆಯ ಕಿಟಕಿಗೆ ತಲೆಯಾನಿಸಿ ನಿದ್ದೆಹೋದ. ಎಣ್ಣೆ ಮೆತ್ತಿದ ಅವನ ಅಂಗೈ ನೋಡುತ್ತ ಕುಳಿತೆ. ಆ ಪಾಂಡ್ಯ ಅರಸನಿಗೆ ಸಿಗದ ಲಾಳಗಾರ ನನ್ನ ಪಕ್ಕದಲ್ಲೇ ಮಲಗಿದ್ದ.