ಘಟ್ಟದ ದಾರಿಯ ನೀರು

ಬಾರಕೂರು, ಬಸರೂರುಗಳ ಚರಿತ್ರೆ ಬರೆದವರು ಬಂದರನ್ನು ಮನಸಾರೆ ಬಣ್ಣಿಸಿದ್ದಾರೆ. ಹಂಜಮಾನ, ನಖರ ಅಂತ ವರ್ತಕ ಸಂಘಗಳ ಹೆಸರು ಶಾಸನಗಳಲ್ಲೇ ಇದೆ. ೧೬೬೫ರಲ್ಲಿ ಶಿವಾಜಿ ಹಡಗೇರಿ ಬಂದು ಬಸರೂರನ್ನು ಲೂಟಿ ಮಾಡಿದ್ದೂ ಆ ಸಿರಿಗೇ. ಸರಿ, ಕಡಲಾಚೆ ಹೋದ ಅಕ್ಕಿಯನ್ನು ಬೆಳೆದವರ್ಯಾರು? ೧೮೦೧ರಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಬುಕನನ್, ಗದ್ದೆಯಲ್ಲಿ ದುಡಿಯುವ ಗುಲಾಮರನ್ನೂ ಅವರ ಪಡಿಯನ್ನೂ ಬರೆದಿಟ್ಟ. ಆ ಗುಲಾಮಗಿರಿಗೆ ಕಾನೂನಿನ ಬಲ ತಪ್ಪಿದ್ದು ೧೮೪೩ರಲ್ಲಿ. ನಮ್ಮ ಬಂದರು ಚರಿತ್ರೆಗಳಲ್ಲಿ ಅವರಿಗೆ ಒಂದು ಸಾಲೂ ಇಲ್ಲ!

ಹೊಸಂಗಡಿ ಘಾಟಿ ಹತ್ತಿದರೆ ಬಿದನೂರು. ಎತ್ತಿನ ಹೇರು ಹೋದ ದಾರಿ. ಅರವಟ್ಟಿಗೆ ಇಟ್ಟವನ ಪುಣ್ಯವನ್ನು ಕಲ್ಲಿನಲ್ಲಿ ಕೆತ್ತುವುದು ನಮ್ಮ ನಾಡಿನ ರೂಢಿ. ಆ ನೀರು ಮುಟ್ಟಬಾರದೆಂದು ದೂರ ನಿಲ್ಲಿಸಿಕೊಂಡವನು ಎಲ್ಲಿ ಕುಡಿದ? ಅಗೆಯುವವರು ಛತ್ರದ ತಳಪಾಯ ಅಳೆದು ಎದ್ದು ಬರಬಾರದು. ದಾರಿಯಿಂದ ಕೆಳಗಿಳಿದು ತೊರೆಯ ಬದಿಯಲ್ಲಿ ಒಲೆಗಲ್ಲು, ಮಡಕೆಚೂರು ಉಂಟಾ ಅಂತ ನೋಡಬೇಕು.