ಬಾಟಮ್ ಫ್ರೀಜರ್ ರೆಫ್ರಿಜರೇಟರ್: ದೋಷ ಮತ್ತು ನಿರ್ವಹಣೆ

ಫ್ರೀಜರ್ ಕೆಳಗೆ, ದಿನಬಳಕೆಯ ತಂಪು ವಿಭಾಗ ಮೇಲೆ ಇರುವ ರೆಫ್ರಿಜರೇಟರ್. ಹಾಲು, ತರಕಾರಿಗಾಗಿ ಪದೇಪದೇ ಬಗ್ಗಬೇಕಿಲ್ಲ. ಮೊಣಕಾಲು ನೋವಿನ ಹಿರಿಯರಿಗೆ ಇದು ದೊಡ್ಡ ಅನುಕೂಲ. ಫ್ರಾಸ್ಟ್ ಫ್ರೀ ಮಾದರಿಗಳಲ್ಲಿ ಸಾಮಾನ್ಯವಾಗಿ ತಂಪುಗೊಳಿಸುವ ಸುರುಳಿ ಫ್ರೀಜರಿನ ಹಿಂಬದಿಯ ಫಲಕದ ಒಳಗಿರುತ್ತದೆ. ತಣ್ಣನೆಯ ಗಾಳಿ ತಾನಾಗಿ ಮೇಲೇರದು. ಫ್ಯಾನ್ ಅದನ್ನು ನಾಳದ ಮೂಲಕ ಮೇಲಕ್ಕೆ ತಳ್ಳುತ್ತದೆ. ಹೀಗಾಗಿ ಕೆಳಗೆ ಐಸ್ ಗಟ್ಟಿಯಾಗಿದ್ದೂ ಮೇಲೆ ಹಾಲು ಕೆಡುತ್ತಿದ್ದರೆ ‘ಗ್ಯಾಸ್ ಹೋಗಿದೆ’ ಎನ್ನುವುದು ಅವಸರದ ತೀರ್ಮಾನ. ಗಾಳಿಕಿಂಡಿಗೆ ಪಾತ್ರೆ ಅಡ್ಡವಾಗಿದೆಯೇ, ಫ್ಯಾನ್ ತಿರುಗುತ್ತಿದೆಯೇ, ಫಲಕದ ಮೇಲೆ ಹಿಮ ಕಟ್ಟಿದೆಯೇ ಎಂದು ಮೊದಲು ನೋಡಬೇಕು. ಹಿಮ ದಟ್ಟವಾಗಿದ್ದರೆ ಪ್ಲಗ್ ತೆಗೆದು, ಬಾಗಿಲು ತೆರೆದು ಒಂದು ದಿನ ಬಿಟ್ಟರೆ ಕರಗುತ್ತದೆ. ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿದರೆ ಹಿಮ ಕರಗಿಸುವ ಹೀಟರ್ ಅಥವಾ ಅದರ ಸೆನ್ಸರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅದು ತಂತ್ರಜ್ಞರ ಕೆಲಸ.

ಫ್ರೀಜರ್ ಡ್ರಾಯರಿನ ಅಡಿಯಲ್ಲಿ ಮಂಜುಗಡ್ಡೆಯ ಹಾಳೆ ಹರಡಿದ್ದರೆ ಅನೇಕ ವೇಳೆ ನೀರು ಹರಿಯುವ ಕೊಳವೆ ಕಟ್ಟಿರುತ್ತದೆ. ಕೊಳವೆಯ ಬಾಯಿ ಕೈಗೆಟುಕುವಂತಿದ್ದರೆ ಸಿರಿಂಜಿನಿಂದ ಬಿಸಿನೀರು ಬಿಡಬಹುದು. ಚಾಕುವಿನಿಂದ ಐಸ್ ಕೆರೆಯುವುದು ಅಪಾಯಕಾರಿ: ತಂಪುಗೊಳಿಸುವ ಸುರುಳಿ ತೂತಾದರೆ ಅನಿಲ ಸೋರುತ್ತದೆ, ಇಂದಿನ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್600ಎ ಅನಿಲ ಹೊತ್ತಿಕೊಳ್ಳುವಂಥದ್ದು.

ಬಾಗಿಲಿನ ರಬ್ಬರನ್ನು ಸೋಪುನೀರಿನಿಂದ ಒರೆಸುತ್ತಿರಬೇಕು. ರಬ್ಬರಿಗೂ ಫ್ರಿಜ್‌ಗೂ ನಡುವೆ ಇಟ್ಟು ಬಾಗಿಲು ಮುಚ್ಚಿದಾಗ ಕಾಗದದ ಚೂರು ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಬಿಗಿ ಸಾಲದು. ಫ್ರೀಜರಿಗೆ −18, ಮೇಲಿನ ವಿಭಾಗಕ್ಕೆ 3–4 ಡಿಗ್ರಿ ಸೆಲ್ಸಿಯಸ್ ಸೂಕ್ತ.