ದೋಣಿಮಲೈ ಚಳಿ ಮತ್ತು ಅದಿರು ಲಾರಿ

ಸಂಡೂರಿನಲ್ಲಿ ಚಳಿ ಅಂದರೆ ಹೊರಗಿನವರು ನಗುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಎಂಥಾ ಚಳಿ ಮಾರಾಯ್ರೇ ಅಂತ! ಡಿಸೆಂಬರಿನ ಬೆಳಗಿನ ಜಾವ ದೋಣಿಮಲೈ ಗುಡ್ಡದ ಬುಡದಲ್ಲಿ ನಿಂತವರು ಹಾಗನ್ನಲ್ಲ. ನೀರು ಹೆಪ್ಪುಗಟ್ಟುವ ಚಳಿ ಅಲ್ಲ, ನಿಜ. ಆದರೆ ಹಳೇ ಲಾರಿಯ ಬ್ಯಾಟರಿ ಕೂರೋದಕ್ಕೆ ಅಷ್ಟೇ ಸಾಕಿತ್ತು.

ನಮ್ಮ ಸೋದರಮಾವ ಸಾಲ ಮಾಡಿ ಒಂದು ಅದಿರು ಲಾರಿ ಇಟ್ಟಿದ್ದರು. ರಾತ್ರಿ ಅದನ್ನು ನಿಲ್ಲಿಸೋದೇ ಒಂದು ಶಾಸ್ತ್ರ. ಮೂತಿ ಇಳಿಜಾರಿನ ಕಡೆಗೇ ಇರಬೇಕು, ಬೆಳಿಗ್ಗೆ ಸೆಲ್ಫ್ ಹಿಡಿಯದಿದ್ದರೆ ಉರುಳಿಸಿ ಗೇರಿಗೆ ಹಾಕಿ ಎಬ್ಬಿಸಬಹುದು. (ಏರ್ ಬ್ರೇಕ್ ಗಾಡಿ, ಟ್ಯಾಂಕಿನಲ್ಲಿ ಗಾಳಿ ತುಂಬದೆ ಬ್ರೇಕ್ ಹಿಡಿಯಲ್ಲ. ಈಗ ನೆನೆದರೆ ಮೈ ಜುಂ ಅನ್ನುತ್ತೆ.) ಗಾಲಿಗೆ ಕಲ್ಲು. ಆಮೇಲೆ ಗಾಡಿ ಕೆಳಗೆ ತೂರಿ ಏರ್ ಟ್ಯಾಂಕಿನ ನೀರು ಬಿಡೋರು.

"ಗಾಳಿ ಟ್ಯಾಂಕಿನಾಗ ನೀರು ಹೆಂಗ ಬಂತು ಮಾವ?" ಅಂತ ಕೇಳಿದ್ದೆ.

"ಗಾಳಿಯಾಗ ಪಸೆ ಇರ್ತೈತಿ, ಒತ್ತಿ ತುಂಬಿದ ಮ್ಯಾಲೆ ತಣ್ಣಗಾದ್ರ ನೀರಾಗ್ತೈತಿ" ಅಂದಿದ್ದರು. ನಮ್ಮಲ್ಲಿ ಆ ನೀರು ಟ್ಯಾಂಕಿಗೆ ತುಕ್ಕು ಹಿಡಿಸುತ್ತೆ, ಅಷ್ಟೇ. ಲಡಾಖಿನಂಥ ಕಡೆ ಬ್ರೇಕ್ ಪೈಪಿನಲ್ಲೇ ಮಂಜುಗಡ್ಡೆ ಆಗುತ್ತೆ, ಡೀಸೆಲ್ ಮೇಣದ ಹಾಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತೆ.

ಮೊದಲು ಈ ರಸ್ತೆಯಲ್ಲಿ ಇಷ್ಟು ಲಾರಿ ಇರಲಿಲ್ಲ. ಎನ್‌ಎಂಡಿಸಿ 1977ರಲ್ಲಿ ದೋಣಿಮಲೈ ಗಣಿ ಶುರು ಮಾಡಿದಾಗ ಅದಿರು ಹೋಗ್ತಿದ್ದದ್ದು ರೈಲಿನಲ್ಲಿ. 2003ರ ಆಸುಪಾಸಿನಲ್ಲಿ ಚೀನಾದ ಬೇಡಿಕೆ ಏರಿತು ನೋಡಿ, ಖಾಸಗಿ ಗಣಿಗಳ ಮಾಲೆಲ್ಲ ರಸ್ತೆಗೆ ಬಿತ್ತು. ಬೇಲೇಕೇರಿ, ಮಂಗಳೂರು, ಕೃಷ್ಣಪಟ್ಟಣ... ಬಂದರು ಎಲ್ಲಿದ್ದರೆ ಅಲ್ಲಿಗೆ. ಇಷ್ಟು ಸಾವಿರ ಗಾಡಿ ರಾತ್ರಿ ಎಲ್ಲಿ ನಿಲ್ಲಬೇಕು ಅಂತ ಮಾತ್ರ ಯಾರೂ ಯೋಚಿಸಲಿಲ್ಲ. ಸಂಡೂರು-ಹೊಸಪೇಟೆ ರಸ್ತೆಯ ಅಂಚೇ ಸ್ಟ್ಯಾಂಡು. ಹಳೇ ಟೈರ್ ಸುಟ್ಟು ಚಳಿ ಕಾಯಿಸೋ ಡ್ರೈವರುಗಳು, ಕೆಂಪು ಧೂಳು ಹೊದ್ದ ಟಾರ್ಪಾಲು. ಬೆಳಿಗ್ಗೆ ಗಾಡಿ ಹೊರಟರೂ ಗಾಲಿಗೆ ಕೊಟ್ಟ ಕಲ್ಲು ರಸ್ತೆಯಲ್ಲೇ ಉಳಿಯುತ್ತಿತ್ತು. ಹಿಂದೆ ಬಂದ ಬೈಕಿನವರು ಬೀಳುತ್ತಿದ್ದರು. ಸರ್ಕಾರದ ಲೆಕ್ಕದಲ್ಲಿ ಟನ್ನು, ರಾಯಲ್ಟಿ ಎಲ್ಲ ಇದೆ, ಈ ಕಲ್ಲುಗಳ ಲೆಕ್ಕ ಇಟ್ಟವರಿಲ್ಲ. ಬಿದ್ದವರಲ್ಲಿ ನಾನೂ ಒಬ್ಬ, ಮೊಣಕಾಲಿನ ಗುರುತು ಇನ್ನೂ ಇದೆ. ಮಾವ ಅವತ್ತಿಂದ ಕಲ್ಲು ಎತ್ತಿ ಕ್ಯಾಬಿನ್‌ನಲ್ಲಿ ಇಟ್ಟುಕೊಂಡೇ ಹೊರಡೋರು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, 29ಕ್ಕೆ ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ. ಲೂಟಿ ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆಗಸ್ಟಿನಲ್ಲಿ ಎನ್‌ಎಂಡಿಸಿಗೆ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಕೋರ್ಟ್ ಬಿಟ್ಟಿತು, ಆದರೆ ಖಾಸಗಿ ಗಣಿ ನಂಬಿದ್ದ ಲಾರಿಗಳಿಗೆ ಕೆಲಸ ಎಲ್ಲಿಂದ?

ಒಂದು ರಾತ್ರಿಗೆ ಅಂತ ನಿಲ್ಲಿಸಿದ ಗಾಡಿ ಎರಡು ಚಳಿಗಾಲ ಅಲ್ಲೇ ನಿಂತಿತು. ಮೊದಮೊದಲು ಮಾವ ವಾರಕ್ಕೊಮ್ಮೆ ಹೋಗಿ ಸ್ಟಾರ್ಟ್ ಮಾಡಿ, ಟ್ಯಾಂಕಿನ ನೀರು ಬಿಟ್ಟು ಬರೋರು. ಆಮೇಲೆ ಡೀಸೆಲ್ಲಿಗೂ ದುಡ್ಡಿರಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ಕೆಲವು ಗಣಿಗಳಿಗೆ ಅನುಮತಿ ಸಿಕ್ಕಾಗ ಅದರ ಟೈರೆಲ್ಲ ಬಿರುಕು ಬಿಟ್ಟಿದ್ದವು, ಕಂತೂ ಕಟ್ಟಿರಲಿಲ್ಲ. ಮರುವರ್ಷ ಸಾಲ ಕೊಟ್ಟವರು ಬಂದು ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ದರಿಂದ ಅವರಿಗೇನೂ ಕಷ್ಟವಾಗಲಿಲ್ಲ.